ಅಮ್ಮನನ್ನು ನೋಡಿಕೊಳ್ಳಲು ದುಡ್ಡು ತಗೊಂಡರೆ ತಪ್ಪಾ?

ಈ ವಾರ ಅಂಕಣಕ್ಕೆ ಬಂದ ಒಂದು ಕಾಗದ ಓದಿದ ಮೇಲೆ ಉಳಿದವನ್ನು ಬಿಚ್ಚಲು ಮನಸ್ಸಾಗಲಿಲ್ಲ. ಕಾಸರಗೋಡಿನ ಪೆರ್ಲದ ಕಡೆಯಿಂದ ಬಂದದ್ದು. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಒತ್ತೊತ್ತಾಗಿ ಬರೆದಿದ್ದಾರೆ.

ಬರೆದವರಿಗೆ 46 ವರ್ಷ. ಮದುವೆಯಾಗಿಲ್ಲ. ಅಮ್ಮನಿಗೆ 74. ನಾಲ್ಕು ವರ್ಷದ ಹಿಂದೆ ಪಕ್ಷವಾತ ಬಡಿದು ಎಡಭಾಗ ಬಿದ್ದುಹೋಯಿತು. ಅಂದಿನಿಂದ ಹಾಸಿಗೆಯಲ್ಲೇ ಎಲ್ಲ. ಅಣ್ಣ ಮಂಗಳೂರಿನಲ್ಲಿ, ಆದಾಗ ಎರಡು ಸಾವಿರ ಕಳಿಸುತ್ತಾನೆ. ಅಮ್ಮನ ಪಿಂಚಣಿ ಬರುತ್ತದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳ ಸರ್ಕಾರ ದುಡ್ಡು ಕೊಡುವ 'ಆಶ್ವಾಸಕಿರಣಂ' ಯೋಜನೆಯ ಅರ್ಜಿಯನ್ನು ಅಂಗನವಾಡಿ ಟೀಚರ್ ಮೊನ್ನೆ ತಂದುಕೊಟ್ಟರಂತೆ. ಅದೇ ಹೊತ್ತಿಗೆ ಬಂದಿದ್ದ ಚಿಕ್ಕಮ್ಮ ಅಂದರು: "ಹೆತ್ತ ತಾಯಿಯ ಚಾಕರಿಗೆ ಸರ್ಕಾರದ ಸಂಬಳ ತಗೊಳ್ತೀಯಾ? ನಿನ್ನ ಅಣ್ಣನ ಮರ್ಯಾದೆ ಏನಾಗಬೇಕು?" ಅರ್ಜಿ ಈಗ ದೇವರ ಪಟದ ಹಿಂದೆ ಮಡಚಿಕೊಂಡು ಕೂತಿದೆ. ಹಾಕಲಾ, ಬೇಡವಾ ಎಂದು ಕೇಳಿದ್ದಾರೆ.

ತಂಗೀ, ನಿಮ್ಮ ಪ್ರಶ್ನೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾಳೆಯ ಅಂಚಿನಲ್ಲಿ ನೀವು ಸಣ್ಣಗೆ ಬರೆದ ಸಾಲು. "ಮೊದಲು ಬೀಡಿ ಕಟ್ಟುತ್ತಿದ್ದೆ, ಈಗ ಇಲ್ಲ." ಐದೇ ಪದ. ಜಾಗ ಉಳಿಯಿತು ಅಂತ ಸೇರಿಸಿದ ಹಾಗಿದೆ. ನಿಮ್ಮ ಕಾಗದದ ಮುಖ್ಯ ವಿಷಯವೇ ಅದು.

ನಮ್ಮ ಕಡೆಯ ಹೆಂಗಸರಿಗೆ ಬೀಡಿ ಅಂದರೆ ಏನು ಅಂತ ಹೇಳಬೇಕಾ? ಮಡಿಲಲ್ಲಿ ತಡ್ಪೆ ಅಂದರೆ ಮೊರ, ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ. ಕತ್ತರಿಸಬೇಕು, ಹೊಗೆಸೊಪ್ಪು ತುಂಬಬೇಕು, ಸುರುಳಿ ಸುತ್ತಿ ನೂಲು ಬಿಗಿಯಬೇಕು. ಎಷ್ಟೋ ಮನೆಯ ಮಕ್ಕಳ ಫೀಸು ಆ ತಡ್ಪೆಯಿಂದ ಎದ್ದು ಬಂದದ್ದು. ಎಷ್ಟೋ ಹುಡುಗಿಯರ ಕಿವಿಯ ಬೆಂಡೋಲೆಯೂ ಅಷ್ಟೆ. ಚೀಲ ಹಿಡಿದು ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವಾಗ ದಾರಿಯಲ್ಲಿ ನಾಲ್ಕು ಜನರ ಹತ್ತಿರ ಮಾತು, ನಗು. ಕೈಗೆ ಬಂದ ದುಡ್ಡು ನಿಮ್ಮದೇ, ಯಾರಲ್ಲೂ ಕೇಳಬೇಕಾಗಿಲ್ಲ. ಅದನ್ನು ನೀವು ಬಿಟ್ಟಿರಿ. ಯಾಕೆ ಬಿಟ್ಟಿರಿ ಅಂತ ಬರೆದಿಲ್ಲ, ಆದರೆ ನನಗೆ ಗೊತ್ತು. ಎರಡು ಗಂಟೆಗೊಮ್ಮೆ ಅಮ್ಮನನ್ನು ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಹೊಗೆಸೊಪ್ಪು ಹತ್ತಿದ ಕೈಯಲ್ಲಿ ಗಂಜಿ ಕುಡಿಸಲು ಆಗುತ್ತದಾ? ಪ್ರತಿ ಸಲ ಕೈ ತೊಳೆದು, ಒರೆಸಿ, ಮತ್ತೆ ತಡ್ಪೆ ಎಳೆದುಕೊಂಡರೆ ದಿನಕ್ಕೆ ನೂರು ಬೀಡಿಯೂ ಆಗಲಿಕ್ಕಿಲ್ಲ.

ಆಶ್ವಾಸಕಿರಣಂ ಇರುವುದೇ ಇಂಥವರಿಗೆ. ಹಾಸಿಗೆ ಹಿಡಿದವರನ್ನು, ತೀವ್ರ ಅಂಗವೈಕಲ್ಯ ಇರುವವರನ್ನು ನೋಡಿಕೊಳ್ಳುತ್ತಾ ಬೇರೆ ಕೆಲಸಕ್ಕೆ ಹೋಗಲಾರದವರಿಗೆ ಕೇರಳ ಸರ್ಕಾರ ಕೊಡುವ ನೆರವು. ರೋಗಿಗಲ್ಲ, ನೋಡಿಕೊಳ್ಳುವವರಿಗೆ. ತಿಂಗಳಿಗೆ 600 ರೂಪಾಯಿ. ಅಮ್ಮನಿಗೆ ಪಿಂಚಣಿ ಬರುತ್ತದೆ ಅನ್ನುವ ಕಾರಣಕ್ಕೆ ಇದು ತಪ್ಪಿಹೋಗುವುದಿಲ್ಲ.

600 ಎಷ್ಟು ಸಣ್ಣದು ಅಂತ ನನಗೂ ಗೊತ್ತು. ದಿನಕ್ಕೆ 20 ರೂಪಾಯಿ. ಅದೂ ಸರಿಯಾಗಿ ಬರುವುದಿಲ್ಲ, ತಿಂಗಳುಗಟ್ಟಲೆ ಬಾಕಿ ಬೀಳುತ್ತದೆ. ಹೊಸ ಅರ್ಜಿಗಳು ಮಂಜೂರಾಗದೆ ವರ್ಷಗಟ್ಟಲೆ ಬಿದ್ದಿದ್ದೂ ಉಂಟು. ವರಮಾನದ ಮಿತಿಯನ್ನಂತೂ ನೋಡಿ: ಪಂಚಾಯತಿನಲ್ಲಿ ಇಡೀ ಮನೆಗೆ ವರ್ಷಕ್ಕೆ 20,000. ತಿಂಗಳಿಗೆ 1,700 ಕೂಡ ಆಗಲಿಲ್ಲ. ಕೇರಳದಲ್ಲಿ ಕ್ಷೇಮ ಪಿಂಚಣಿಯನ್ನೇ 2025ರ ನವೆಂಬರಿನಿಂದ 2,000 ಮಾಡಿದ್ದಾರೆ. ಪಿಂಚಣಿ ಏರಿದಾಗ ನೋಡಿಕೊಳ್ಳುವವರ 600 ಯಾಕೆ ನಿಂತಲ್ಲೇ ನಿಂತಿರಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಹೆಚ್ಚಿನ ಆಸರೆ ಬೇಕಾದವರ ಆರೈಕೆಗೆ ಭತ್ಯೆ ಕೊಡುವ ಮಾತಿದೆ. ಕಾಗದದ ಮೇಲಿನ ಮಾತು ಕೈಗೆ ಬರಬೇಕಾದರೆ ಕೇಳುವವರು ಲೆಕ್ಕಕ್ಕೆ ಸಿಗಬೇಕು. ನೀವು ಅರ್ಜಿ ಹಾಕದೆ ಕೂತರೆ ಪೆರ್ಲದಲ್ಲಿ ಹೀಗೊಬ್ಬಳು ರಾತ್ರಿ ಎರಡು ಗಂಟೆಗೆ ಏಳುತ್ತಾಳೆ ಅಂತ ಯಾರ ಪುಸ್ತಕದಲ್ಲೂ ಇರುವುದಿಲ್ಲ.

ಇನ್ನು ಚಿಕ್ಕಮ್ಮ. ಹಿರಿಯರ ಬಗ್ಗೆ ಹೀಗೆ ಬರೆಯಬಾರದು ಅಂತ ಕೆಲವರು ಬೇಸರಪಡಬಹುದು, ಆದರೂ ಬರೆಯುತ್ತೇನೆ. ಅವರು ತಿಂಗಳಿಗೊಮ್ಮೆ ಬರುತ್ತಾರೆ, ಚಾ ಕುಡಿಯುತ್ತಾರೆ, ಅಕ್ಕನ ಹಣೆ ಸವರುತ್ತಾರೆ, ಹೋಗುತ್ತಾರೆ ಅಂತ ನೀವೇ ಬರೆದಿದ್ದೀರಿ. ಒಂದು ರಾತ್ರಿ ನಿಂತಿಲ್ಲ. ಮರ್ಯಾದೆಯ ಪಾಠ ಹೇಳುವ ಹಕ್ಕು ಅವರಿಗೆ ಎಲ್ಲಿಂದ ಬಂತು? ನಿಮ್ಮ ಪೆರ್ಲ ಇರುವುದು ಎಣ್ಮಕಜೆ ಪಂಚಾಯತಿನ ಮಣ್ಣಿನಲ್ಲಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದ ಮೇಲೆ ಆ ಊರಿನ ತಾಯಂದಿರು ಏಳಲಾಗದ ಮಕ್ಕಳನ್ನು ಹೊತ್ತೇ ಬದುಕಿದರು. 2019ರಲ್ಲಿ ಕಾಸರಗೋಡಿನ ತಾಯಂದಿರು ಮಕ್ಕಳನ್ನು ಕರೆದುಕೊಂಡು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಉಪವಾಸ ಕೂತರು. ಅವರಿಗೆ ಏನೇನು ಸಿಕ್ಕಿದೆಯೋ ಅದೆಲ್ಲ ಕೇಳಿ, ಅತ್ತು, ಬೀದಿಯಲ್ಲಿ ಕೂತು ಸಿಕ್ಕಿದ್ದು. ಅವರ ಮರ್ಯಾದೆ ಹೋಯಿತಾ? ಆ ಊರಲ್ಲೇ ಇದ್ದು ಚಿಕ್ಕಮ್ಮ ಹೀಗೆ ಮಾತಾಡಿದರು ಅಂತ ನನಗೆ ನಿಜವಾಗಿ ಸಿಟ್ಟು ಬಂತು.

ಅಣ್ಣನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನ ಸಂಸಾರವೂ ಎಳೆದಾಟದಲ್ಲಿದೆ ಅನಿಸುತ್ತದೆ. ಆದರೆ 'ಆದಾಗ' ಅನ್ನುವುದು ಹೋಗಿ 'ಪ್ರತಿ ತಿಂಗಳು' ಅಂತಾಗಬೇಕು. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ತಂದೆತಾಯಿಯನ್ನು ಸಾಕುವ ಹೊಣೆ ಮಗನಿಗೂ ಇದೆ, ಮಗಳಿಗೂ ಇದೆ. ನಿಮ್ಮ ಪಾಲನ್ನು ನೀವು ಮೈಯಿಂದ ಕೊಡುತ್ತಿದ್ದೀರಿ. ಇದಕ್ಕೆ ವಕೀಲರು ಬೇಕಿಲ್ಲ, ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಕಚೇರಿಯ ಟ್ರಿಬ್ಯೂನಲ್‌ಗೆ ಅಮ್ಮನ ಹೆಸರಲ್ಲಿ ಅರ್ಜಿ ಕೊಡಬಹುದು. ಈಗಲೇ ಅಲ್ಲಿಗೆ ಓಡಿ ಅನ್ನುವುದಿಲ್ಲ. ಮೊದಲು ಅವನ ಹತ್ತಿರ ನೀವೇ ಮಾತಾಡಿ, ಚಿಕ್ಕಮ್ಮನ ಬಾಯಿಂದ ಬೇಡ.

ಹಾಸಿಗೆ ಹಿಡಿದವರ ಆರೈಕೆಗೆ ಇರುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ನಿಮ್ಮಲ್ಲಿಗೆ ಬರುವ ವಿಷಯವೇ ಕಾಗದದಲ್ಲಿಲ್ಲ. ಬರುತ್ತಿಲ್ಲವಾದರೆ ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಸೇರಿಸಿ. ಮನೆಗೇ ಬಂದು ನೋಡುತ್ತಾರೆ.

ಖಾತೆಯ ವಿಷಯ ಈ ಅಂಕಣದಲ್ಲಿ ಎಷ್ಟು ಸಲ ಬರೆದೆನೋ, ಇನ್ನೊಮ್ಮೆ ಬರೆಯುತ್ತೇನೆ. ದುಡ್ಡು ನಿಮ್ಮ ಹೆಸರಿನ ಖಾತೆಗೇ ಬರಬೇಕು. ಅಣ್ಣನ ಖಾತೆ ಬೇಡ, ಜಂಟಿ ಖಾತೆಯೂ ಬೇಡ. ಪಾಸ್‌ಬುಕ್ ನಿಮ್ಮ ಪೆಟ್ಟಿಗೆಯಲ್ಲಿರಲಿ.

ಅರ್ಜಿ ಮಲಯಾಳದಲ್ಲಿದೆ, ಓದಲು ಬರುವುದಿಲ್ಲ ಅಂತ ಹೆದರಬೇಡಿ. ನಮ್ಮದು ಭಾಷಾ ಅಲ್ಪಸಂಖ್ಯಾತರ ಪ್ರದೇಶ. ಇಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾನೂನೇ ಕೊಟ್ಟಿದೆ. ಅರ್ಥವಾಗದ ಕಡೆ ಸಹಿ ಹಾಕಬೇಡಿ. ಟೀಚರ್ ಹತ್ತಿರ ಒಂದೊಂದೇ ಸಾಲು ಓದಿಸಿ, ಕೇಳಿ ತುಂಬಿಸಿ.

ನೀವು ಮಾಡಬೇಕಾದದ್ದು ಇಷ್ಟೇ. ಬರುವ ಸೋಮವಾರ ಆ ಅರ್ಜಿಯನ್ನು ಪಟದ ಹಿಂದಿನಿಂದ ತೆಗೆಯಿರಿ. ನೋಡಿಕೊಳ್ಳುವವರ ಹೆಸರು ಅನ್ನುವ ಜಾಗದಲ್ಲಿ ನಿಮ್ಮ ಹೆಸರನ್ನು ನಿಮ್ಮ ಕೈಯಿಂದಲೇ ಬರೆಯಿರಿ. ಅಂಗನವಾಡಿಗೆ ನೀವೇ ಹೋಗಿ ಕೊಡಿ, ಕೊಟ್ಟದ್ದಕ್ಕೆ ರಸೀದಿ ಕೇಳಿ. ಆವತ್ತು ಅಮ್ಮನ ಹತ್ತಿರ ಕೂರಲು ಚಿಕ್ಕಮ್ಮನನ್ನೇ ಬರಹೇಳಿ. ಗಂಜಿ ಎಲ್ಲಿದೆ, ಒಣಗಿದ ಬಟ್ಟೆ ಎಲ್ಲಿದೆ ತೋರಿಸಿಕೊಡಿ. ಹನ್ನೊಂದು ಗಂಟೆಗೆ ಒಮ್ಮೆ ಬಲಕ್ಕೆ ಹೊರಳಿಸಬೇಕು ಅಂತ ಹೇಳಿ, ಚಪ್ಪಲಿ ಮೆಟ್ಟಿ ಹೊರಡಿ.