ಯೋಗ ಅಂದರೆ ಬರೀ ಆಸನಗಳಾ? ಅದರ ನಿಜವಾದ ಉದ್ದೇಶ ಏನು?

ಆಸನ ಯೋಗದ ಒಂದು ಚಿಕ್ಕ ಭಾಗ ಅಷ್ಟೇ. ಪತಂಜಲಿಯ ಯೋಗಸೂತ್ರದಲ್ಲಿ 190ಕ್ಕೂ ಜಾಸ್ತಿ ಸೂತ್ರಗಳಿವೆ. ಆಸನದ ಬಗ್ಗೆ ನೇರವಾಗಿ ಹೇಳುವುದು ಮೂರೇ ಮೂರು. ಅಲ್ಲೂ ತಲೆ ಕೆಳಗೆ ಮಾಡಿ ನಿಲ್ಲಿ ಅಂತೇನೂ ಇಲ್ಲ, ಅಲುಗಾಡದೆ ಹಾಯಾಗಿ ಕೂತರೆ ಸಾಕು.

ಹಾಗೆ ಕೂರುವುದು ಯಾಕೆ? ಮನಸ್ಸಿನ ಓಡಾಟ ನಿಲ್ಲಲಿ ಅಂತ. ಎರಡನೇ ಸೂತ್ರ ಇದನ್ನೇ ಯೋಗ ಅನ್ನುತ್ತದೆ. ಸಿಟ್ಟು ಬಂದಾಗ ನಾವು ಪೂರ್ತಿ ಸಿಟ್ಟೇ ಆಗಿಬಿಡುತ್ತೇವೆ, ಅಲ್ವಾ? ಮನಸ್ಸು ತಿಳಿಯಾದರೆ ಸಿಟ್ಟು ಬೇರೆ, ಅದನ್ನು ನೋಡುತ್ತಿರುವ ನಾನು ಬೇರೆ ಅಂತ ಕಾಣುತ್ತದೆ. ಆ ನೋಡುವವನು ತನ್ನಲ್ಲೇ ನಿಲ್ಲುವುದು ಕೊನೆಯ ಗುರಿ. ಅದಕ್ಕೆ ಕೈವಲ್ಯ ಅಂತ ಹೆಸರು.

ಅಂದಹಾಗೆ, ಪತಂಜಲಿ ಹೇಳುವ ಯೋಗದ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಮೊದಲನೆಯದು ಯಮ: ನೋಯಿಸಬಾರದು, ಸುಳ್ಳು ಹೇಳಬಾರದು, ಕದಿಯಬಾರದು ಇತ್ಯಾದಿ. ನನ್ನನ್ನು ಕೇಳಿದರೆ ಶೀರ್ಷಾಸನವೇ ಸುಲಭ!