ಸದಸ್ಯರು ಹಾಕಿದ ಫೋಟೊ ಮೇಲೆ ಕಾಪಿರೈಟ್ ದೂರು ಬಂದಿದೆ, ತಕ್ಷಣ ಡಿಲೀಟ್ ಮಾಡಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಓದುಗರೇ ಬರಹ, ಫೋಟೊ ಹಾಕುವ ವೆಬ್‌ಸೈಟ್ ನಿಮ್ಮದು. ಒಬ್ಬ ಸದಸ್ಯರು ಹಾಕಿದ ಹಕ್ಕಿಯ ಫೋಟೊ ತನ್ನದು, 24 ಗಂಟೆಯೊಳಗೆ ತೆಗೆಯದಿದ್ದರೆ ಕೋರ್ಟಿಗೆ ಹೋಗುತ್ತೇನೆ ಅಂತ ಯಾರೋ ಮೇಲ್ ಮಾಡಿದ್ದಾರೆ. ಸದಸ್ಯರನ್ನು ಕೇಳಿದರೆ ‘ನಾನೇ ತೆಗೆದದ್ದು’ ಅನ್ನುತ್ತಾರೆ. ಸುಮ್ನೆ ಡಿಲೀಟ್ ಮಾಡಿ ಕೈ ತೊಳೆದುಕೊಳ್ಳಲಾ ಅಂತ ಕೇಳಿದ್ದೀರಿ.

ಡಿಲೀಟ್ ಮಾಡಬೇಡಿ. ಯಾರಿಗೂ ಕಾಣದ ಹಾಗೆ ಮರೆ ಮಾಡಿ. ಎರಡೂ ಒಂದೇ ಅಲ್ವಾ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ಇಂಥದೇ ಒಂದು ಸೈಟನ್ನು ನಾನು ಕೆಲವು ವರ್ಷ ನೋಡಿಕೊಳ್ಳುತ್ತಿದ್ದೆ. ಒಂದು ದಿನ ದೂರು ಬಂತು. ನಮ್ಮಲ್ಲಿದ್ದ ಉದ್ದನೆಯ ಲೇಖನವೊಂದನ್ನು ತಮ್ಮ ಬ್ಲಾಗಿನಿಂದ ಕದ್ದಿದ್ದಾರೆ ಎಂದು ಬರೆದಿದ್ದರು. ಆ ಬ್ಲಾಗ್ ನೋಡಿದೆ. ಅಕ್ಷರಕ್ಕೆ ಅಕ್ಷರ ಅದೇ ಲೇಖನ, ತಾರೀಖು ನಮ್ಮದಕ್ಕಿಂತ ಎರಡು ವರ್ಷ ಹಿಂದಿನದು. ಹೆದರಿಕೊಂಡು ಅಳಿಸಿಬಿಟ್ಟೆ. ಬರೆದಾಕೆಗೆ ಒಂದು ಮಾತೂ ತಿಳಿಸಲಿಲ್ಲ. ವಾರ ಕಳೆದ ಮೇಲೆ ಆಕೆ ಕೇಳಿದಾಗ ವಿಷಯ ಗೊತ್ತಾಯಿತು. ಲೇಖನ ಆಕೆಯದೇ. ದೂರು ಕೊಟ್ಟವರು ಅದನ್ನು ನಕಲು ಮಾಡಿ, ಹಳೆಯ ತಾರೀಖು ಹಾಕಿ ಪ್ರಕಟಿಸಿದ್ದರು. ಬ್ಲಾಗಿನ ತಾರೀಖನ್ನು ಯಾರು ಬೇಕಾದರೂ ಹಿಂದಕ್ಕೆ ಹಾಕಬಹುದು. ಅದು ನನಗೆ ಹೊಳೆದೇ ಇರಲಿಲ್ಲ. ಆಕೆ ನೇರವಾಗಿ ನಮ್ಮ ಸೈಟಿನಲ್ಲೇ ಟೈಪ್ ಮಾಡಿದ್ದರು. ಯಾವ ದಿನ ಶುರು ಮಾಡಿದರು, ಎಲ್ಲೆಲ್ಲಿ ತಿದ್ದಿದರು ಎಂಬ ದಾಖಲೆ ನಮ್ಮ ಸರ್ವರಿನಲ್ಲಿ ಮಾತ್ರ ಇತ್ತು. ಆಕೆಯ ಪರ ಇದ್ದ ಆ ಸಾಕ್ಷಿಯನ್ನೇ ನಾನು ಅಳಿಸಿದ್ದೆ. ಕೊನೆಗೆ, ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುವ ವೇಬ್ಯಾಕ್ ಮೆಷಿನ್ ಎಂಬ ತಾಣದಲ್ಲಿ ನಮ್ಮ ಪುಟದ ಹಳೆಯ ಪ್ರತಿ ಸಿಕ್ಕಿತು. ಲೇಖನ ವಾಪಸ್ ಹಾಕಿ ಕ್ಷಮೆ ಕೇಳಿದೆ. ಆಕೆ ನಮ್ಮಲ್ಲಿ ಮತ್ತೆ ಬರೆಯಲಿಲ್ಲ.

ಕಾನೂನು ಕೂಡ ವಾಪಸ್ ಹಾಕುವ ದಾರಿಯನ್ನು ತೆರೆದಿಟ್ಟೇ ಮಾತಾಡುತ್ತದೆ. ಭಾರತದ 2013ರ ಕಾಪಿರೈಟ್ ನಿಯಮಗಳ ಪ್ರಕಾರ, ಸರಿಯಾದ ದೂರು ಕೈಸೇರಿದ 36 ಗಂಟೆಯೊಳಗೆ ಆ ಫೋಟೊ ಅಥವಾ ಬರಹ ಜನರಿಗೆ ಕಾಣದಂತೆ ಮಾಡಬೇಕು. 21 ದಿನದಲ್ಲಿ ದೂರುದಾರರು ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೋರಿಸಬಹುದು. ಅಮೆರಿಕದ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾಯ್ದೆಯಲ್ಲಿ ಗಂಟೆಯ ಲೆಕ್ಕ ಇಲ್ಲ, ಬೇಗ ತೆಗೆಯಿರಿ ಅಂತಷ್ಟೇ ಇದೆ. ಅಲ್ಲಿ ಸದಸ್ಯರು ಪ್ರತಿ-ನೋಟಿಸ್ (ದೂರು ತಪ್ಪು ಎಂಬ ಲಿಖಿತ ಉತ್ತರ) ಕೊಟ್ಟರೆ, 10ರಿಂದ 14 ಕೆಲಸದ ದಿನಗಳ ಒಳಗೆ ವಾಪಸ್ ಹಾಕಬೇಕು. ಅಷ್ಟರಲ್ಲಿ ದೂರುದಾರರು ಕೇಸು ಹಾಕಿದರೆ ಮಾತ್ರ ಇಲ್ಲ. ನಿಮ್ಮ ಸೈಟಿಗೆ ಸರ್ವರಿನಲ್ಲಿ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿ ಅಮೆರಿಕದ್ದಾದರೆ ಡಿಎಂಸಿಎ ಹೆಸರು ಆಗಾಗ ಕಿವಿಗೆ ಬೀಳುತ್ತದೆ. ನಿಮಗೆ ಕೊಟ್ಟ 24 ಗಂಟೆ ಈ ಎರಡರಲ್ಲೂ ಇಲ್ಲ.

‘ಸರಿಯಾದ ದೂರು’ ಎಂಬ ಮಾತು ಮುಖ್ಯ. ಯಾರು ಬರೆಯುತ್ತಿದ್ದಾರೆ, ಸಂಪರ್ಕಿಸುವುದು ಹೇಗೆ, ಯಾವ ಕೃತಿ, ನಿಮ್ಮ ಸೈಟಿನಲ್ಲಿ ಯಾವ ಲಿಂಕ್, ಹಕ್ಕು ತಮ್ಮದೆಂದು ಹೇಗೆ ಹೇಳುತ್ತಾರೆ, ಇಷ್ಟು ಇರಬೇಕು. ಭಾರತದ ನಿಯಮದಲ್ಲಿ, 21 ದಿನದೊಳಗೆ ಕೇಸು ಹಾಕಿ ಆದೇಶ ತರುತ್ತೇನೆ ಎಂಬ ಮುಚ್ಚಳಿಕೆಯನ್ನೂ ದೂರಿನಲ್ಲೇ ಕೊಡಬೇಕು. ‘ನಿಮ್ಮ ಸೈಟಿನಲ್ಲಿ ನನ್ನ ಫೋಟೊಗಳಿವೆ’ ಎಂಬ ಒಂದು ಸಾಲು ಸಾಲದು. ಹಾಗಂತ ಕಸದ ಬುಟ್ಟಿಗೆ ಹಾಕಬೇಡಿ. ಏನು ಕಡಿಮೆ ಇದೆ ಅಂತ ಮರ್ಯಾದೆಯಿಂದ ಕೇಳಿ. ನಿಜವಾಗಿ ಕಳೆದುಕೊಂಡವರಿಗೆ ಕಾನೂನಿನ ಭಾಷೆ ಬರದೇ ಇರಬಹುದು.

ಒಂದು ಎಚ್ಚರಿಕೆ. ‘ಸಾಕ್ಷಿ ಇಲ್ಲಿದೆ’ ಅಂತ ಲಿಂಕೋ ಜಿಪ್ ಫೈಲೋ ಕಳಿಸಿದ್ದರೆ ಒತ್ತಬೇಡಿ. ಕಾಪಿರೈಟ್ ದೂರಿನ ವೇಷದಲ್ಲಿ ವೈರಸ್ ಕಳಿಸುವವರು ಇದ್ದಾರೆ. ಮೇಲ್‌ನಲ್ಲೇ ವಿವರ ಬರೆಯಿರಿ ಅನ್ನಿ. ಫೋಟೊ ತೆಗೆದುಹಾಕುವ ಬದಲು ‘ನಮ್ಮ ಸೈಟಿಗೆ ಲಿಂಕ್ ಕೊಡಿ’ ಅಂತ ದೂರುದಾರರು ಅಂದರೂ ಅನುಮಾನಪಡಿ.

ಇನ್ನು ಫೋಟೊ ಯಾರದು ಎಂಬುದು. ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: ಕ್ಯಾಮೆರಾದಿಂದ ಬಂದ ಮೂಲ ಫೈಲ್ ಇದೆಯಾ? ಅದರ ಹಿಂದಿನ, ಮುಂದಿನ ಚಿತ್ರಗಳು ಇವೆಯಾ? ಹಕ್ಕಿಯ ಫೋಟೊ ತೆಗೆಯುವವರು ಒಂದೇ ಸಲ ಕ್ಲಿಕ್ ಮಾಡಿ ಎದ್ದು ಹೋಗುವುದಿಲ್ಲ. ರೆಕ್ಕೆ ಮಸುಕಾದದ್ದು, ತಲೆ ಆಚೆ ತಿರುಗಿದ್ದು, ಕೊಂಬೆ ಖಾಲಿಯಾದದ್ದು, ಹೀಗೆ ಸಾಲು ಸಾಲು ಇರುತ್ತವೆ. ನೆಟ್‌ನಿಂದ ಇಳಿಸಿಕೊಂಡವರ ಹತ್ತಿರ ಆ ಒಂದು ಚೆಂದದ ಚಿತ್ರ ಮಾತ್ರ ಇರುತ್ತದೆ, ಅದೂ ಅಂಚು ಕತ್ತರಿಸಿದ್ದು. ಎಷ್ಟೋ ಜಗಳ ಇಲ್ಲಿಗೇ ಮುಗಿಯುತ್ತದೆ. ಇಬ್ಬರೂ ಪಟ್ಟು ಬಿಡದಿದ್ದರೆ ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ. ಮರೆಯಲ್ಲೇ ಇಟ್ಟು, ಅವಧಿ ಮುಗಿಯುವವರೆಗೆ ಕಾಯಿರಿ.

ಸದಸ್ಯರು ‘ಕೃಪೆ: ಅಂತರ್ಜಾಲ’ ಅಂತ ಹಾಕಿದ್ದೆ, ಅಲ್ಲಿ ಕಾಪಿರೈಟ್ ಗುರುತೇ ಇರಲಿಲ್ಲ ಅನ್ನಬಹುದು. ಎರಡೂ ನಿಲ್ಲುವುದಿಲ್ಲ. ಕೃಪೆ ಅಂತ ಬರೆದರೆ ಅನುಮತಿ ಸಿಕ್ಕ ಹಾಗಲ್ಲ. ಹಕ್ಕು ಚಿತ್ರ ತೆಗೆದ ಕ್ಷಣವೇ ಹುಟ್ಟುತ್ತದೆ, ಗುರುತಾಗಲಿ ನೋಂದಣಿಯಾಗಲಿ ಬೇಕಿಲ್ಲ. ಆದರೆ ಚಿತ್ರ ಕ್ರಿಯೇಟಿವ್ ಕಾಮನ್ಸ್ 4.0 ಪರವಾನಗಿಯದ್ದಾಗಿದ್ದು (ಹೆಸರು ಹಾಕುವಂಥ ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಲು ಮೊದಲೇ ಕೊಟ್ಟ ಅನುಮತಿ) ಹೆಸರು ಹಾಕುವುದು ಮರೆತಿದ್ದರೆ ಸರಿಪಡಿಸಬಹುದು. ತಪ್ಪು ಗೊತ್ತಾದ 30 ದಿನದೊಳಗೆ ತಿದ್ದಿದರೆ ಪರವಾನಗಿ ತಾನಾಗಿ ಮರಳುತ್ತದೆ. ಮತ್ತೆ ಮತ್ತೆ ಕದ್ದು ಹಾಕುವವರ ಖಾತೆ ಮುಚ್ಚಿ, ಈ ನಿಯಮವನ್ನು ಮೊದಲೇ ಬರೆದಿಟ್ಟಿರಿ. ಇನ್ನೊಂದು, ಸದಸ್ಯರು ಹಾಕಿದ್ದಕ್ಕೆ ಸೈಟಿನವರನ್ನು ಹೊಣೆ ಮಾಡದಿರಲು ಇರುವ ನಿಯಮಗಳು ಇವು; ಆ ಫೋಟೊ ಹಾಕಿದ್ದು ನೀವೇ ಆಗಿದ್ದರೆ ಈ ರಕ್ಷಣೆ ನಿಮಗಿಲ್ಲ.

ಇವತ್ತೇ ಫೋಟೊ ಮರೆ ಮಾಡಿ, ದೂರಿನ ಮೇಲ್ ತೆಗೆದಿಡಿ, ಇಬ್ಬರಿಗೂ ಬರೆಯಿರಿ. ದೂರುದಾರರಿಗೆ: ‘ನಿಮ್ಮ ದೂರು ತಲುಪಿದೆ. ಫೋಟೊ ಈಗ ಯಾರಿಗೂ ಕಾಣುತ್ತಿಲ್ಲ. ಮೂಲ ಫೈಲಿನ ವಿವರ ಕಳಿಸಿ.’ ಸದಸ್ಯರಿಗೆ: ‘ನಿಮ್ಮ ಫೋಟೊ ಮೇಲೆ ದೂರು ಬಂದಿದೆ, ಅದರ ಪ್ರತಿ ಜೊತೆಗಿದೆ. ಅಳಿಸಿಲ್ಲ, ಮರೆ ಮಾಡಿದ್ದೇವೆ. ನಿಮ್ಮ ಮಾತೂ ಕೇಳುತ್ತೇವೆ.’ ದೂರಿನ ಪ್ರತಿ ಕಳಿಸುವಾಗ ದೂರುದಾರರ ಮನೆ ವಿಳಾಸ, ಫೋನ್ ನಂಬರ್ ಮುಚ್ಚಿ ಕಳಿಸಿ. ಕೋರ್ಟಿನಿಂದಲೋ ವಕೀಲರಿಂದಲೋ ಕಾಗದ ಬಂದರೆ ನೀವೇ ಉತ್ತರ ಬರೆಯಬೇಡಿ, ವಕೀಲರಿಗೆ ತೋರಿಸಿ.