‘ಮನೇಲೇ ಇರ್ತೀಯಲ್ಲ’ ಅಂದ ಮಾತ್ರಕ್ಕೆ ರಾತ್ರಿಯೆಲ್ಲ ನಿಮ್ಮ ಪಾಳಿಯೇ?

ಪ್ರಶ್ನೆ: ಮಗನಿಗೆ ಐದು ತಿಂಗಳು. ಹೆರಿಗೆ ರಜೆ ಮುಗಿದು ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಅಮೆರಿಕದ ಟೀಮ್ ಜೊತೆ ಕಾಲ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವಾಗ ರಾತ್ರಿ ಹತ್ತೂವರೆ. ನಮ್ಮ ಯಜಮಾನರು ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಿ ವೈಟ್‌ಫೀಲ್ಡ್‌ಗೆ ಬೈಕಿನಲ್ಲಿ ಹೋಗುತ್ತಾರೆ. ಏಳೂವರೆಗೆ ಹೊರಟರೆ ಬರುವುದು ರಾತ್ರಿ ಎಂಟಕ್ಕೆ. ಬಾಣಂತನ ಮುಗಿಸಿ ಅಮ್ಮ ಶಿವಮೊಗ್ಗಕ್ಕೆ ಹೋದ ಮೇಲೆ ಅವರು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಾರೆ. ಮಗು ಹನ್ನೊಂದಕ್ಕೆ, ಎರಡಕ್ಕೆ, ನಾಲ್ಕೂವರೆಗೆ, ಮತ್ತೆ ಆರಕ್ಕೆ ಏಳುತ್ತದೆ. ‘ನೀನು ಮನೇಲೇ ಇರ್ತೀಯಲ್ಲ, ಹಗಲು ಮಲಗು’ ಅನ್ನುತ್ತಾರೆ. ಮೊನ್ನೆ ಹಾಲು ಕುಡಿಸುತ್ತಾ ಸೋಫಾದಲ್ಲೇ ನಿದ್ದೆ ಹೋಗಿದ್ದೆ, ಎಚ್ಚರವಾದಾಗ ಮಗು ನನ್ನ ತೋಳಿಗೂ ಸೋಫಾದ ಅಂಚಿಗೂ ಮಧ್ಯೆ ಇತ್ತು. ಅವತ್ತಿನಿಂದ ಭಯ. ಅತ್ತೆ ಈಗಲೇ ರಾಗಿ ಸರಿ ತಿನ್ನಿಸು, ರಾತ್ರಿ ಏಳುವುದಿಲ್ಲ ಅನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ಬನಶಂಕರಿ

ಉತ್ತರ: ಮೊದಲು ಸೋಫಾ. ನಿಮ್ಮ ಭಯ ಸರಿಯಾಗಿಯೇ ಇದೆ. ಮಗುವನ್ನು ಎದೆಗೊತ್ತಿಕೊಂಡು ಸೋಫಾದಲ್ಲೋ ಕುರ್ಚಿಯಲ್ಲೋ ನಿದ್ದೆ ಹೋಗುವುದು ತುಂಬ ಅಪಾಯ, ಮೆತ್ತೆಯ ಸಂದಿಯಲ್ಲಿ ಸಿಕ್ಕಿ ಉಸಿರು ಕಟ್ಟಬಹುದು. ತೂಕಡಿಕೆ ಬರುವಂತಿದ್ದರೆ ಗಟ್ಟಿ ಹಾಸಿಗೆಯ ಮೇಲೆ ದಿಂಬು, ರಗ್ಗು ಸರಿಸಿ ಕೂತು ಕುಡಿಸಿ. ಆಮೇಲೆ ಮಗುವನ್ನು ಅದರ ಜಾಗದಲ್ಲಿ ಅಂಗಾತ ಮಲಗಿಸಿ.

ರಾಗಿ ಸರಿ ಆರು ತಿಂಗಳು ತುಂಬಿದ ಮೇಲೆ. ಅದೂ ನಿದ್ದೆಯ ಔಷಧಿಯಲ್ಲ. ಅತ್ತೆಯವರ ಹತ್ತಿರ ವಾದಕ್ಕೆ ಹೋಗಬೇಡಿ, ‘ಡಾಕ್ಟರು ಮುಂದಿನ ತಿಂಗಳು ಅಂದಿದ್ದಾರೆ’ ಅಂದುಬಿಡಿ. ನಾನೇ ಅಂದಿದ್ದೇನಲ್ಲ.

ಇನ್ನು ನಿಮ್ಮ ಯಜಮಾನರ ಮಾತು. ಅದರಲ್ಲಿ ಅರ್ಧ ನಿಜವಿದೆ. ನಿದ್ದೆಗೆಟ್ಟು ಔಟರ್ ರಿಂಗ್ ರೋಡಿನಲ್ಲಿ ಬೈಕ್ ಓಡಿಸುವುದು ತಮಾಷೆಯಲ್ಲ. ಇನ್ನರ್ಧ ಮಾತ್ರ ಪೂರ್ತಿ ತಪ್ಪು. ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದ 2017ರ ಕಾಯ್ದೆ ತಿದ್ದುಪಡಿಯಲ್ಲೇ, ರಜೆಯ ನಂತರ ಕಂಪನಿ ಒಪ್ಪಿದರೆ ಮನೆಯಿಂದ ಕೆಲಸ ಮಾಡಬಹುದು ಎಂಬ ಮಾತೂ ಬಂತು. ಅಲ್ಲಿರುವುದು ‘ಕೆಲಸ’ ಎಂಬ ಪದ, ಅದಕ್ಕೇ ಸಂಬಳ. ಹಗಲು ಮಲಗು ಅನ್ನುವವರು ನಿಮ್ಮ ಕ್ಯಾಲೆಂಡರನ್ನು ಒಮ್ಮೆ ತೆರೆದು ನೋಡಲಿ, ಯಾವ ಮೀಟಿಂಗಿನಲ್ಲಿ ಮಲಗಬೇಕೆಂದು ತೋರಿಸಲಿ.

ಈ ಜಗಳದಲ್ಲಿ ಎಲ್ಲರೂ ‘ಎಷ್ಟು ಸಲ ಎದ್ದೆ’ ಎಂದು ಲೆಕ್ಕ ಹಾಕುತ್ತಾರೆ. ನಾನು ಕೇಳುವುದು ಬೇರೆ: ಯಾರಿಗೆ ಎಷ್ಟು ಹೊತ್ತು ಒಂದೇ ಸಮ ನಿದ್ದೆ ಸಿಕ್ಕಿತು? ತುಂಡು ತುಂಡಾಗಿ ಆರು ತಾಸು ಮಲಗಿದರೂ ತಲೆ ಭಾರವೇ. ಈಗ ಅವರಿಗೆ ಇಡೀ ರಾತ್ರಿ ಒಂದೇ ಸಮ, ನಿಮಗೆ ಎರಡೂವರೆ ತಾಸಿಗಿಂತ ಹೆಚ್ಚಿಲ್ಲ.

ಹೀಗೆ ಮಾಡಿ. ಕಾಲ್ ಮುಗಿದ ಕೂಡಲೇ, ಹತ್ತೂವರೆಗೆ, ಎದೆಹಾಲು ಹಿಂಡಿ, ಮೊದಲೇ ನೀರಿನಲ್ಲಿ ಕುದಿಸಿ ಆರಿಸಿಟ್ಟ ಮುಚ್ಚಳದ ಪಾತ್ರೆಯಲ್ಲಿಡಿ. 25 ಡಿಗ್ರಿಯೊಳಗಿನ ಕೋಣೆಯಲ್ಲಿ ಅದು ನಾಲ್ಕು ತಾಸು ಕೆಡುವುದಿಲ್ಲ. ಏಪ್ರಿಲ್ ಸೆಕೆಯಲ್ಲಾದರೆ ಫ್ರಿಜ್ಜಿನಲ್ಲಿಡಿ, ಕುಡಿಸುವಾಗ ಯಜಮಾನರು ಬಿಸಿನೀರಿನ ಬಟ್ಟಲಲ್ಲಿ ಕೂರಿಸಿ ಬೆಚ್ಚಗೆ ಮಾಡಲಿ. ಮೈಕ್ರೋವೇವ್ ಬೇಡ, ಒಂದೊಂದು ಕಡೆ ಸುಡುವಷ್ಟು ಕಾಯುತ್ತದೆ. ಹನ್ನೊಂದರ ಹಾಲು ಅಪ್ಪನದು, ಒಳಲೆಯಲ್ಲಿ (ಮಗುವಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು). ನಿಮ್ಮಮ್ಮ ಊರಿಂದ ತಂದ ಒಳಲೆ ಅಡುಗೆಮನೆಯ ಯಾವುದೋ ಡಬ್ಬದಲ್ಲಿ ಇದ್ದೇ ಇರುತ್ತದೆ, ಹುಡುಕಿ. ಬಾಟಲಿಗಿಂತ ತೊಳೆಯುವುದು ಸುಲಭ. ಮೊದಲೆರಡು ದಿನ ಅರ್ಧ ಹಾಲು ಮಗುವಿನ ಕತ್ತಿಗೇ ಹೋಗುತ್ತದೆ. ಹೋಗಲಿ, ಕೈ ಕೂರುತ್ತದೆ. ತೇಗು ತೆಗೆಸುವುದು, ಡೈಪರ್, ಮತ್ತೆ ಮಲಗಿಸುವುದು ಎಲ್ಲ ಅವರೇ.

ಎರಡರದ್ದೂ ನಾಲ್ಕೂವರೆಯದ್ದೂ ನಿಮಗಿರಲಿ. ಹಾಲೂಡಿಸಲು ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೆಚ್ಚಿರುತ್ತದೆ, ಆ ಹೊತ್ತಿನ ಹಾಲು ಬಿಟ್ಟರೆ ಮುಂದೆ ಕಡಿಮೆಯಾಗಬಹುದು. ಆರಕ್ಕೆ ಮಗು ಎದ್ದಾಗ ನೀವು ಕುಡಿಸಿ ಅಪ್ಪನ ಕೈಗೆ ಕೊಟ್ಟು ಮಲಗಿಬಿಡಿ, ಏಳೂವರೆವರೆಗೂ.

ಈಗ ಲೆಕ್ಕ ನೋಡಿ. ಹತ್ತೂಮುಕ್ಕಾಲಿನಿಂದ ಎರಡರವರೆಗೆ ನಿಮಗೆ ಮೂರು ತಾಸಿನ ಮೇಲೆ ಒಂದೇ ಸಮ ನಿದ್ದೆ. ಅವರು ಏಳುವುದು ಒಂದೇ ಸಲ, ಹನ್ನೊಂದಕ್ಕೆ. ಹನ್ನೆರಡಕ್ಕೆ ಮಲಗಿದರೂ ಆರರವರೆಗೆ ಆರು ತಾಸು. ಬೈಕಿಗೆ ಅಷ್ಟು ಸಾಕಲ್ಲವೇ? ಮಗು ಗಡಿಯಾರ ನೋಡಿ ಏಳುವುದಿಲ್ಲ, ಗೊತ್ತು. ಹಾಗಾಗಿ ‘ಎರಡಕ್ಕೆ ಮುಂಚೆ ಯಾವಾಗ ಎದ್ದರೂ ಅಪ್ಪ’ ಎಂದೇ ಮಾತಾಗಲಿ.

ಇದನ್ನೆಲ್ಲ ರಾತ್ರಿ ಎರಡಕ್ಕೆ ಮಾತಾಡಬೇಡಿ. ಶನಿವಾರ ತಿಂಡಿ ಆದಮೇಲೆ, ಇದನ್ನೇ ಓದಲು ಕೊಟ್ಟರೂ ಆಯಿತು.

ಒಂದು ಎಚ್ಚರಿಕೆ. ಮಗು ಮಲಗಿದ್ದಾಗಲೂ ನಿಮಗೆ ನಿದ್ದೆ ಬರದಿದ್ದರೆ, ಎರಡು ವಾರ ದಾಟಿದರೂ ಅಳು, ಬೇಸರ ಹೋಗದಿದ್ದರೆ ಅದು ಬರೀ ಸುಸ್ತಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬಾಣಂತಿಯರ ಮನಸ್ಸಿನ ತೊಂದರೆ ನೋಡಲೆಂದೇ ನಿಮ್ಹಾನ್ಸ್‌ನಲ್ಲಿ ವಿಭಾಗವಿದೆ, ತಾಯಿ-ಮಗು ಒಟ್ಟಿಗೇ ಇರಬಹುದು.

ಹೊಸ ಪಾಳಿ ಮುಂದಿನ ಶುಕ್ರವಾರ ರಾತ್ರಿಯೇ ಶುರುವಾಗಲಿ, ಮರುದಿನ ಅವರು ಬೈಕ್ ಹತ್ತಬೇಕಿಲ್ಲ. ಮಗುವಿನ ತೊಟ್ಟಿಲು ಎರಡರವರೆಗೆ ಅವರ ಮಂಚದ ಪಕ್ಕ. ಬಾಗಿಲು ಹಾಕಿಕೊಂಡು ಮಲಗುವವರು ನೀವು.